ಗರಸು ರಸ್ತೆ ಕಿತ್ತುಬರುವುದೇಕೆ, ರಿಪೇರಿ ಹೇಗೆ

ಗರಸು ರಸ್ತೆ ಹೆಚ್ಚಾಗಿ ಕೆಡುವುದು ನೀರು ನಿಲ್ಲುವುದರಿಂದ. ಒಳಗೆ ಇಳಿದ ನೀರು ಅಂಟುಮಣ್ಣನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಗಾಲಿ ಕಲ್ಲನ್ನು ಕೀಳುತ್ತದೆ. ಹಾಗಾಗಿ ಹೊಸ ಗರಸು ತರಿಸುವ ಮುಂಚೆ ರಸ್ತೆಯ ಉಬ್ಬು, ಅಂದರೆ ಅಂಚಿಗಿಂತ ನಡು ಎಷ್ಟು ಎತ್ತರ ಇದೆ ಎಂದು ಅಳೆಯಿರಿ. 3 ಮೀಟರ್ ಅಗಲದ ರಸ್ತೆಯಲ್ಲಿ ನಡುವಿನ ಮಟ್ಟಕ್ಕೆ ಲೆವೆಲ್ ಪೈಪ್ ಹಿಡಿದು ಅಂಚಿನವರೆಗೆ ದಾರ ಎಳೆಯಿರಿ. ಅಂಚಿನಲ್ಲಿ ದಾರದಿಂದ ನೆಲಕ್ಕೆ 6ರಿಂದ 7.5 ಸೆಂ.ಮೀ. ಇರಬೇಕು. 4.5ಕ್ಕಿಂತ ಕಡಿಮೆ ಇದ್ದರೆ ಗುಂಡಿ ಮುಚ್ಚಿ ಪ್ರಯೋಜನವಿಲ್ಲ, ಉಬ್ಬನ್ನೇ ಮತ್ತೆ ಎಬ್ಬಿಸಬೇಕು.

ಮುಂದೆ ಅಂಚು ನೋಡಿ. ಗಾಲಿ ತಳ್ಳಿದ ಗರಸನ್ನು ಅಂಚಿನ ಗರಿಕೆ ಹಿಡಿದಿಟ್ಟುಕೊಂಡು, ಎರಡು ಮೂರು ಮಳೆಗಾಲದಲ್ಲಿ ಸಣ್ಣ ಬದುವೇ ಆಗಿರುತ್ತದೆ. ಜೋರು ಮಳೆ ಬರುವಾಗ ಹೋಗಿ ನಿಂತರೆ ಕಾಣುತ್ತದೆ: ಚರಂಡಿ ಒಣಗಿದೆ, ಗಾಲಿ ಜಾಡಿನಲ್ಲಿ ನೀರು ಹರಿಯುತ್ತಿದೆ. ಈ ಬದುವನ್ನು ಕಡಿದು, ಹುಲ್ಲಿನ ಬೇರು ಆರಿಸಿ ತೆಗೆದು, ಗರಸನ್ನು ನಡುವಿಗೆ ಎಳೆದುಕೊಳ್ಳಿ. ಅದು ದುಡ್ಡು ಕೊಟ್ಟು ತರಿಸಿದ ಮಾಲು, ಚರಂಡಿಗೆ ನೂಕಬೇಡಿ. ಚರಂಡಿಯ ತಳ ಗರಸಿನ ಪದರದ ತಳಕ್ಕಿಂತ ಒಂದಡಿ ಕೆಳಗಿರಲಿ.

ರಸ್ತೆಗೆ ಅಡ್ಡಲಾಗಿ ಸಾಲು ಸಾಲು ಅಲೆಗಳು ಏಳುವುದು ಒಣ ತಿಂಗಳುಗಳಲ್ಲಿ. ಅಂಟು ಕಡಿಮೆ ಇರುವ ಗರಸು, ವೇಗ, ತಿರುವಿನಲ್ಲಿ ಬ್ರೇಕು: ಇವು ಮೂರೂ ಸೇರಿದ ಕಡೆ ಎರಡು ಮೂರು ಅಡಿಗೊಂದು ಅಲೆ ಏಳುತ್ತದೆ. ಮೇಲೆ ಗರಸು ಸುರಿದು ಮುಚ್ಚಿದರೆ ಕೆಲವೇ ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಅಲೆಯ ತಗ್ಗಿನ ತಳಕ್ಕಿಂತ ಒಂದಿಂಚು ಕೆಳಗಿನ ತನಕ ಗ್ರೇಡರ್ ಅಥವಾ ಟ್ರ್ಯಾಕ್ಟರಿನ ಬ್ಲೇಡಿನಿಂದ ಕತ್ತರಿಸಿ, ನೀರು ಕೊಟ್ಟು ಕಲಸಿ, ಉಬ್ಬಿಗೆ ತಂದು ರೋಲರ್ ಹೊಡೆಯಬೇಕು. ಬ್ಲೇಡು ಓರೆಯಾಗಿರಲಿ, ವೇಗ ಗಂಟೆಗೆ 5ರಿಂದ 8 ಕಿ.ಮೀ. ದಾಟಬಾರದು. ಅವಸರ ಮಾಡಿದರೆ ಬ್ಲೇಡು ಕುಣಿದು ಹೊಸ ಅಲೆಯನ್ನು ತಾನೇ ಬರೆದು ಹೋಗುತ್ತದೆ.

ಗರಸು ಕೊಳ್ಳುವಾಗ ಬಾಟಲಿ ಪರೀಕ್ಷೆ ಮಾಡಿ. ಅರ್ಧ ಬಾಟಲಿ ಗರಸಿಗೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿಯಿಡೀ ಬಿಡಿ. ಮೇಲೆ ಕೂತ ನಯವಾದ ಮಣ್ಣು ಒಟ್ಟು ಎತ್ತರದ ಹತ್ತನೇ ಒಂದರಿಂದ ಆರನೇ ಒಂದು ಭಾಗದೊಳಗೆ ಇರಬೇಕು. ಕಡಿಮೆಯಾದರೆ ಧೂಳು, ಅಲೆ. ಹೆಚ್ಚಾದರೆ ಮಳೆಯಲ್ಲಿ ಜಾರಿಕೆ. ಅಂಟು ಸಾಲದಿದ್ದರೆ ಕೆಮ್ಮಣ್ಣು ಬೆರೆಸಿ, ಎರೆಮಣ್ಣು ಬೇಡವೇ ಬೇಡ. ಮೇಲ್ಪದರಕ್ಕೆ ಒಂದಿಂಚಿಗಿಂತ ದೊಡ್ಡ ಕಲ್ಲು ಬರಬಾರದು.

ಲೆಕ್ಕ ಹೀಗೆ: 100 ಮೀಟರ್ ಉದ್ದ, 3 ಮೀಟರ್ ಅಗಲಕ್ಕೆ 10 ಸೆಂ.ಮೀ. ಗಟ್ಟಿ ಪದರ ಬೇಕಾದರೆ ಸಡಿಲ ಗರಸು ಸುಮಾರು 40 ಘನ ಮೀಟರ್, ಅಂದರೆ 100 ಘನ ಅಡಿಯ ಟ್ರ್ಯಾಕ್ಟರ್ ಲೋಡು ಹದಿನಾಲ್ಕು. ನೀರು 4,000 ಲೀಟರಿನ ಒಂದು ಟ್ಯಾಂಕರ್ ಆಸುಪಾಸು. ನೆನೆಸಿದ ಗರಸನ್ನು ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ರೋಲರನ್ನು ಅಂಚಿನಿಂದ ನಡುವಿಗೆ ತನ್ನಿ.

ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ಹದವಾದಾಗ ಉಬ್ಬು ಎಬ್ಬಿಸುವ ಕೆಲಸ ಮುಗಿಸಿದರೆ ಟ್ಯಾಂಕರ್ ಖರ್ಚು ಉಳಿಯುತ್ತದೆ. ಎರಡನೇ ಸುತ್ತು ಹಸ್ತ ಮಳೆಯ ನಂತರ, ಮೆಕ್ಕೆಜೋಳದ ಲೋಡುಗಳು ಓಡಾಡುವ ಮುಂಚೆ. ಗುಂಡಿಗಳನ್ನು ಆಗ ನೆಟ್ಟಗೆ ಚೌಕವಾಗಿ ಕಡಿದು, ಮೂರಿಂಚಿಗೊಂದು ಪದರ ದಮ್ಮಸು ಮಾಡಿ, ರಸ್ತೆ ಮಟ್ಟಕ್ಕಿಂತ ಒಂದಿಂಚು ಮೇಲೆ ಬಿಡಿ.

ಹರಿಹರ, ಹೊನ್ನಾಳಿ ಕಡೆಯ ಭದ್ರಾ ನೀರಾವರಿ ಊರುಗಳಲ್ಲಿ ಇನ್ನೆರಡು ಕಾಟ. ಗದ್ದೆಯ ನೀರು ರಸ್ತೆಗೆ ಒತ್ತಿ ನಿಂತರೆ ತಳವೇ ನೆನೆಯುತ್ತದೆ. ಗದ್ದೆ ಬದುವಿಗೂ ರಸ್ತೆಗೂ ನಡುವೆ ಕಾಲುವೆ ಬಿಡಿಸಲೇಬೇಕು. ಕೇಜ್ ವೀಲ್ (ಕೆಸರುಗದ್ದೆ ಉಳಲು ಹಾಕುವ ಕಬ್ಬಿಣದ ಪಟ್ಟಿಗಾಲಿ) ಹಾಕಿದ ಟ್ರ್ಯಾಕ್ಟರ್ ರಸ್ತೆ ಮೇಲೆ ಬಂದರೆ ಗಟ್ಟಿ ಪದರವೂ ಉಳಿಯದು; ಕೇಜ್ ವೀಲ್ ಬಿಚ್ಚಿ ಟ್ರೇಲರ್‌ನಲ್ಲಿ ಒಯ್ಯುವಂತೆ ಊರವರೇ ಕೂತು ಮಾತಾಡಿಕೊಳ್ಳಿ. ಎರೆ ನೆಲದಲ್ಲಿ 15 ಸೆಂ.ಮೀ. ಗರಸು ಸಾಲುವುದಿಲ್ಲ, 25ರ ತನಕ ಬೇಕು.

ಮೋರಿಗೆ ಹೊಸ ಪೈಪು ಹಾಕಿಸುವುದಾದರೆ 600 ಮಿ.ಮೀ.ಗಿಂತ ಸಣ್ಣದು ಬೇಡ, ಒಳಗಿನ ಹೂಳು ಎಳೆಯಲು ಆಗುವುದಿಲ್ಲ.