ಕಿಲ್ಕೆನಿಗೆ ಒಂದು ದಿನ: ಆ ತುದಿಯಿಂದ ಶುರು ಮಾಡಿ

ಡಬ್ಲಿನ್‌ನಲ್ಲಿರುವ ಮಗಳ ಮನೆಗೋ ಆಫೀಸಿನ ಕೆಲಸಕ್ಕೋ ಹೋದಾಗ ಒಂದು ದಿನ ಬಿಡುವು ಸಿಕ್ಕಿತು ಎಂದುಕೊಳ್ಳಿ. ಎಲ್ಲಿಗೆ ಹೋಗೋದು ಎಂದು ಕೇಳಿದರೆ ನಾನು ಹೇಳುವುದು ಕಿಲ್ಕೆನಿ. ನೋರ್ ನದಿಯ ದಡದ ಪುಟ್ಟ ಊರು. ನೋಡಬೇಕಾದದ್ದೆಲ್ಲ ಹೆಚ್ಚುಕಡಿಮೆ ಒಂದೇ ಮೈಲಿಯಲ್ಲಿದೆ. ಒಂದು ತುದಿಗೆ ಕೋಟೆ, ಇನ್ನೊಂದು ತುದಿಗೆ ಸೇಂಟ್ ಕ್ಯಾನಿಸ್ ಕೆಥೆಡ್ರಲ್. ನಡುವಿನ ದಾರಿಗೆ ‘ಮಿಡೀವಲ್ ಮೈಲ್’ ಎಂದು ಹೆಸರು. ಸ್ಟೇಷನ್ನಿಗೆ ಕೋಟೆ ಹತ್ತಿರ ಅಂತ ತುಂಬಾ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಕೆಥೆಡ್ರಲ್ ಮುಟ್ಟುವಷ್ಟರಲ್ಲಿ ಕಾಲು ಸೋತಿರುತ್ತದೆ. ನೀವು ಉಲ್ಟಾ ಬನ್ನಿ.

ಮೊದಲು ವೀಸಾ. ಐರ್ಲೆಂಡಿನಲ್ಲಿ ಯುರೋ ಓಡುತ್ತದೆ, ಹಾಗಾಗಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾ ಸಾಕು ಎಂದುಕೊಳ್ಳಬೇಡಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಐರ್ಲೆಂಡಿನದೇ ವೀಸಾ ಬೇಕು. ಬ್ರಿಟನ್ನಿನ ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟನ್-ಐರ್ಲೆಂಡ್ ಜಂಟಿ ವೀಸಾ ಯೋಜನೆ) ಎಂದು ಇದ್ದರೆ ಮಾತ್ರ ಬೇರೆ ಮಾತು. ಆಗಲೂ ಮೊದಲು ಬ್ರಿಟನ್ನಿಗೆ ಹೋಗಿ, ಆಮೇಲೆ ಇಲ್ಲಿಗೆ ಬರಬೇಕು.

ಆಮೇಲೆ ರೈಲು. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿನಲ್ಲಿ ವಾಟರ್‌ಫರ್ಡ್ ಕಡೆಯ ರೈಲು ಹತ್ತಿ. ಸುಮಾರು ಒಂದೂವರೆ ಗಂಟೆಯ ದಾರಿ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿದರೆ ಕಡಿಮೆಗೆ ಸಿಗುತ್ತದೆ. ವಾಪಸ್ ರೈಲಿನ ಹೊತ್ತನ್ನೂ ಆಗಲೇ ನೋಡಿಟ್ಟುಕೊಳ್ಳಿ. ಇಳಿಯುವುದು ಮ್ಯಾಕ್‌ಡೊನಾ ಸ್ಟೇಷನ್ನಿನಲ್ಲಿ. 1916ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದದ್ದಕ್ಕೆ ಗುಂಡಿಕ್ಕಿ ಮರಣದಂಡನೆಗೆ ಗುರಿಯಾದ ಕವಿ ಥಾಮಸ್ ಮ್ಯಾಕ್‌ಡೊನಾ ಹೆಸರು ಅದು. ಅವರು ಇದೇ ಊರಿನಲ್ಲಿ ಮೇಷ್ಟ್ರಾಗಿದ್ದರು.

ಸ್ಟೇಷನ್ನಿನಿಂದ ಹೊರಬಿದ್ದವರೇ, ಕೋಟೆ ಕಣ್ಣಿಗೆ ಬಿದ್ದರೂ ನಿಲ್ಲದೆ, ಸೀದಾ ಕೆಥೆಡ್ರಲ್‌ಗೆ ನಡೆಯಿರಿ. ಅದರ ಪಕ್ಕದಲ್ಲೇ ಉರುಟಾದ ಒಂದು ಗೋಪುರವಿದೆ. 9ನೇ ಶತಮಾನದ್ದು, ಸುಮಾರು 30 ಮೀಟರ್ ಎತ್ತರ. ಒಳಗೆ ಇಕ್ಕಟ್ಟಾದ ಮರದ ಮೆಟ್ಟಿಲು, ಏಣಿ ಅಂದರೂ ತಪ್ಪಿಲ್ಲ. ಮಂಡಿ ನೋವಿದ್ದವರು ಬಿಟ್ಟುಬಿಡಿ. ಹತ್ತುವವರು ಬೆಳಿಗ್ಗೆಯೇ ಹತ್ತಿ. ಹವೆ ಕೆಟ್ಟರೆ ಮೇಲಕ್ಕೆ ಬಿಡುವುದಿಲ್ಲ, ಐರ್ಲೆಂಡಿನಲ್ಲಿ ಹವೆ ಕೆಡಲು ಹತ್ತು ನಿಮಿಷ ಸಾಕು. ಮೇಲೆ ನಿಂತರೆ ಇಡೀ ಊರು, ಆ ತುದಿಯ ಕೋಟೆ ಎಲ್ಲ ಕಾಣುತ್ತದೆ. ಇನ್ನು ನಡೆಯುವ ದಾರಿಯ ನಕ್ಷೆಯೇ ಅದು. ಕೆಥೆಡ್ರಲ್ 13ನೇ ಶತಮಾನದ್ದು. 1650ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ನ ಸೈನಿಕರು ಇದರೊಳಗೆ ಕುದುರೆ ಕಟ್ಟಿದ್ದರಂತೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಬೇರೆ ದಿನವಾದರೆ ಒಳ್ಳೆಯದು.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಬ್ಲ್ಯಾಕ್ ಆ್ಯಬಿ ಎಂಬ ಚರ್ಚು. 1225ರಲ್ಲಿ ಕಟ್ಟಿದ್ದು, ಈಗಲೂ ಪೂಜೆ ನಡೆಯುತ್ತದೆ. ದೊಡ್ಡ ಬಣ್ಣದ ಗಾಜಿನ ಕಿಟಕಿಯ ಎದುರು ಐದು ನಿಮಿಷ ಸುಮ್ನೆ ಕೂತು ಬನ್ನಿ.

ಪಾರ್ಲಿಮೆಂಟ್ ಸ್ಟ್ರೀಟಿನಲ್ಲಿ ರೋತ್ ಹೌಸ್ ಸಿಗುತ್ತದೆ. ಜಾನ್ ರೋತ್ ಎಂಬ ವ್ಯಾಪಾರಿ 1594ರಲ್ಲಿ ಶುರು ಮಾಡಿದ ಮನೆ. ಒಂದರ ಹಿಂದೆ ಒಂದು ಮೂರು ಮನೆ, ನಡುವೆ ಅಂಗಳ, ಕೊನೆಗೆ ತೋಟ. ಸಂಸಾರ ಬೆಳೆದ ಹಾಗೆ ಹಿಂದಕ್ಕೆ ಕಟ್ಟುತ್ತಾ ಹೋಗುವುದು ನಮಗೇನೂ ಹೊಸದಲ್ಲ, ಅಲ್ವಾ?

ಮುಂದೆ ಕಿಟಲರ್ಸ್ ಇನ್. ಈಗ ಹಾಡು, ಬಿಯರು, ಗದ್ದಲ. ಆದರೆ ಹೆಸರಿನ ಹಿಂದಿನ ಕತೆ ಬೇರೆ. ಆಲಿಸ್ ಕಿಟಲರ್ ಹಣವಂತೆ, ನಾಲ್ಕು ಮದುವೆಯಾದವಳು. ಗಂಡಂದಿರನ್ನು ಮಾಟ ಮಾಡಿ, ವಿಷ ಹಾಕಿ ಕೊಂದಳೆಂದು ಮಲಮಕ್ಕಳೇ ದೂರು ಕೊಟ್ಟರು. 1324ರಲ್ಲಿ ಬಿಷಪ್ ವಿಚಾರಣೆ ನಡೆಸಿದ. ಆಲಿಸ್ ಊರು ಬಿಟ್ಟು ತಪ್ಪಿಸಿಕೊಂಡಳು. ಸಿಕ್ಕಿಬಿದ್ದವಳು ಕೆಲಸದ ಹೆಂಗಸು ಪೆಟ್ರೊನಿಲ್ಲಾ. ಅವಳನ್ನು ಚಾಟಿಯಿಂದ ಹೊಡೆದು, ಜೀವಂತ ಸುಟ್ಟರು. ಬೋರ್ಡಿನ ಮೇಲೆ ಇರುವುದು ಮಾತ್ರ ಒಡತಿಯ ಹೆಸರು.

ಊಟ ಈ ಸುತ್ತಮುತ್ತಲೇ ಮುಗಿಸಿ. ಸಸ್ಯಾಹಾರಿಗಳು ಸೂಪ್ ಆರ್ಡರ್ ಮಾಡುವ ಮುಂಚೆ ಕೋಳಿ ರಸ ಹಾಕಿದ್ದಾರಾ ಎಂದು ಕೇಳಿ. ಬ್ಲ್ಯಾಕ್ ಪುಡಿಂಗ್ ಸಿಹಿತಿಂಡಿಯಲ್ಲ, ರಕ್ತ ಹಾಕಿ ಮಾಡಿದ ಸಾಸೇಜು. ಸೋಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದರೆ ಯಾವ ಚಿಂತೆಯೂ ಇಲ್ಲ. ಬೆಣ್ಣೆ ಅಂದರೆ ನೆನಪಾಯಿತು, ಬಟರ್ ಸ್ಲಿಪ್ ಎಂಬ ಕಿರಿದಾದ ಓಣಿಯ ಮೂಲಕವೇ ಹೈ ಸ್ಟ್ರೀಟಿಗೆ ಹತ್ತಿ. ಹಿಂದೆ ಅಲ್ಲಿ ಸಾಲಾಗಿ ಬೆಣ್ಣೆ ಮಾರುವವರು ಕೂರುತ್ತಿದ್ದರು. ಮಳೆ ಬಂದರೆ ಕಾಲ ಕೆಳಗಿನ ಕಪ್ಪು ಕಲ್ಲು ಫಳಫಳ ಹೊಳೆಯುತ್ತದೆ. ಊರಿಗೆ ‘ಮಾರ್ಬಲ್ ಸಿಟಿ’ ಎಂಬ ಹೆಸರು ಬಂದದ್ದು ಈ ಕಲ್ಲಿನಿಂದಲೇ. ಅಸಲಿಗೆ ಅದು ಅಮೃತಶಿಲೆಯೇ ಅಲ್ಲ, ಸುಣ್ಣದ ಕಲ್ಲು. ಜಾರುತ್ತದೆ, ಒಳ್ಳೆಯ ಶೂ ಇರಲಿ. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಮಳೆ ಜಾಕೆಟ್ಟೇ ವಾಸಿ.

ಇನ್ನು ಕೋಟೆ. ಮಧ್ಯಾಹ್ನದ ಹೊತ್ತಿಗೆ ಟಿಕೆಟ್ ಮಾಡಿಟ್ಟುಕೊಳ್ಳಿ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಬೇಗ ಬಾಗಿಲು ಹಾಕುತ್ತಾರೆ. 1391ರಲ್ಲಿ ಬಟ್ಲರ್ ಮನೆತನ ಕೊಂಡ ಕೋಟೆ ಇದು. ಐದು ಶತಮಾನ ಆಳಿದ ಮೇಲೆ 1935ರಲ್ಲಿ ಸಾಮಾನನ್ನೆಲ್ಲ ಹರಾಜು ಹಾಕಿ ಹೊರಟರು. 1967ರಲ್ಲಿ ಊರಿನವರಿಗೆ ಬರೀ 50 ಪೌಂಡಿಗೆ ಬಿಟ್ಟುಕೊಟ್ಟರು. ಉದ್ದನೆಯ ಚಿತ್ರಶಾಲೆಯಲ್ಲಿ ತಲೆಯೆತ್ತಿ ಚಾವಣಿ ನೋಡುವುದು ಮರೆಯಬೇಡಿ. ಸುತ್ತಲಿನ ಪಾರ್ಕಿಗೆ ಟಿಕೆಟ್ ಇಲ್ಲ.

ಅಲ್ಲಿ ಹುಡುಗರು ಕೋಲು ಹಿಡಿದು ಚೆಂಡು ಹೊಡೆಯುತ್ತಿದ್ದರೆ ಅದು ಹರ್ಲಿಂಗ್. 1366ರಲ್ಲಿ ಇಂಗ್ಲಿಷರು ಇದೇ ಊರಿನಲ್ಲಿ ಕಾಯ್ದೆ ಮಾಡಿ, ತಮ್ಮವರು ಐರಿಷ್ ಮಾತಾಡಬಾರದು, ಐರಿಷರನ್ನು ಮದುವೆಯಾಗಬಾರದು, ಹರ್ಲಿಂಗ್ ಆಡಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಇವತ್ತು ಅಖಿಲ ಐರ್ಲೆಂಡ್ ಹರ್ಲಿಂಗ್ ಕಪ್ ಅತಿ ಹೆಚ್ಚು ಸಲ ಗೆದ್ದಿರುವ ತಂಡ ಕಿಲ್ಕೆನಿಯದೇ.

ಇಲ್ಲಿಂದ ಸ್ಟೇಷನ್ ಹದಿನೈದು ನಿಮಿಷದ ನಡಿಗೆ, ಸೇತುವೆ ದಾಟಿದರೆ ಆಯಿತು. ಡಬ್ಲಿನ್ ರೈಲು ಬಂದ ದಿಕ್ಕಿಗೇ ಹಿಂದಕ್ಕೆ ಹೊರಟರೆ ಗಾಬರಿಯಾಗಬೇಡಿ. ಇಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ.