ಮೊದಲು ಕಾರಿಗೆ ಜಾಗ, ಆಮೇಲೆ ಸಾಮಾನಿಗೆ

ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೋ, ಮಕಿನಿ ಕಡೆ ಸಂಜೆ ವಾಕಿಂಗ್ ಹೊರಟರೆ ಮನೆಮನೆಗೂ ಎರಡು ಕಾರು ಹಿಡಿಯುವ ಗರಾಜು ಕಾಣುತ್ತದೆ. ಕಾರುಗಳು ಮಾತ್ರ ಡ್ರೈವ್‌ವೇನಲ್ಲಿ, ಇಲ್ಲವೇ ರಸ್ತೆ ಬದಿಯಲ್ಲಿ ನಿಂತಿರುತ್ತವೆ. ಇದು ಟೆಕ್ಸಸ್ಸಿನ ಕಥೆಯಷ್ಟೇ ಅಲ್ಲ. ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು 2000ದ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ 32 ಮಧ್ಯಮ ವರ್ಗದ ಮನೆಗಳನ್ನು ಒಳಹೊಕ್ಕು ನೋಡಿದ್ದರು. ನಾಲ್ಕರಲ್ಲಿ ಮೂರು ಗರಾಜುಗಳಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ನಮ್ಮದೂ ಆ ಮೂರರ ಗುಂಪಿನಲ್ಲಿತ್ತು.

ನಮ್ಮ ಕಡೆ ಇದು ಬರೀ ಅಂದಚಂದದ ಮಾತಲ್ಲ. ಮಾರ್ಚಿನಿಂದ ಮೇ ತಿಂಗಳವರೆಗೆ ಇಲ್ಲಿ ಆಲಿಕಲ್ಲಿನ ಕಾಲ. 2016ರ ಏಪ್ರಿಲ್ 11ರಂದು ಪಕ್ಕದ ವೈಲಿ ಊರಿನಲ್ಲಿ ಬಿದ್ದ ಆಲಿಕಲ್ಲು ಸೂರು, ಕಿಟಕಿ, ಕಾರು ಯಾವುದನ್ನೂ ಬಿಡಲಿಲ್ಲ. ಅದನ್ನು ಇಲ್ಲಿಯವರು ಇನ್ನೂ ನೆನೆಯುತ್ತಾರೆ. ಫೋನಿನಲ್ಲಿ ಆಲಿಕಲ್ಲಿನ ಎಚ್ಚರಿಕೆ ಬಂದಾಗ ಹಳೇ ಕಂಬಳಿ, ಯೋಗಾ ಮ್ಯಾಟು ಹಿಡಿದುಕೊಂಡು ಕಾರು ಮುಚ್ಚಲು ಓಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಮನೆಗೆ ಅಂಟಿಕೊಂಡೇ ಗಟ್ಟಿ ಸೂರಿನ ಕೋಣೆ ಇದ್ದೂ ಹೀಗೆ ಓಡಬೇಕೇ ಎನ್ನಿಸಿ ಈ ಕೆಲಸಕ್ಕೆ ಕೈ ಹಾಕಿದೆ.

ಗರಾಜು ಚೊಕ್ಕ ಮಾಡುವುದೆಂದರೆ ಎಲ್ಲರೂ ಸಾಮಾನಿನಿಂದ ಶುರು ಮಾಡುತ್ತಾರೆ: ಇದು ಇರಲಿ, ಅದು ಬೇಡ. ನಾನು ಕಾರಿನಿಂದ ಶುರು ಮಾಡಿದೆ. ನನ್ನ ಮಟ್ಟಿಗೆ ಇಡೀ ಕೆಲಸದ ಗುಟ್ಟು ಇದೇ. ನಮ್ಮ ಗರಾಜು ಒಳಗಡೆ ಸುಮಾರು 20 ಅಡಿ ಅಗಲ, 20 ಅಡಿ ಉದ್ದ. ನಮ್ಮ ಸಿಯೆನ್ನಾ ವ್ಯಾನು 17 ಅಡಿ ಉದ್ದ, ಆರೂವರೆ ಅಡಿ ಅಗಲ. ಸಣ್ಣ ಕಾರು 16 ಅಡಿ ಉದ್ದ, ಆರಡಿ ಅಗಲ. ಒಂದಷ್ಟು ರಟ್ಟಿನ ಡಬ್ಬಗಳನ್ನು ಹೊರಗೆ ಹಾಕಿ, ನೆಲದ ಮೇಲೆ ಪೇಂಟರುಗಳು ಬಳಸುವ ನೀಲಿ ಟೇಪಿನಿಂದ ಎರಡೂ ಗಾಡಿಗಳ ಗಾತ್ರದ ಚೌಕ ಎಳೆದೆವು. ಬಾಗಿಲು ತೆರೆದು ಇಳಿಯಲು ಪಕ್ಕದಲ್ಲಿ ಎರಡು ಎರಡೂವರೆ ಅಡಿ ಬೇಕು. ಅಷ್ಟು ಬಿಟ್ಟ ಮೇಲೆ ಅಕ್ಕಪಕ್ಕದ ಗೋಡೆಗಳಿಗೆ ಉಳಿದದ್ದು ಪೊರಕೆ, ಸಲಿಕೆ, ಏಣಿ ನೇತುಹಾಕುವಷ್ಟು ಮಾತ್ರ. ಎದುರು ಗೋಡೆಗೆ ಮೂರಡಿ. ಅದರಲ್ಲಿ ಓಡಾಡಲು ಒಂದೂವರೆ ಹೋದರೆ ಒಂದೂವರೆ ಅಡಿ ಆಳದ ಶೆಲ್ಫು. ಟೇಪಿನ ಚೌಕ ಎಳೆದ ಮೇಲೆ ವಾದಕ್ಕೆ ಎಡೆಯೇ ಉಳಿಯಲಿಲ್ಲ. ಯಾವ ಸಾಮಾನಿನ ಬಗ್ಗೆ ಯಾರು ಏನೇ ಹೇಳಲಿ, ‘ಗೆರೆಯ ಆಚೆ ಹಿಡಿಸುತ್ತದಾ?’ ಎಂದು ಕೇಳಿದರೆ ಸಾಕಿತ್ತು.

ರಟ್ಟಿನ ಡಬ್ಬಗಳದ್ದು ಸುಲಭ. ಟೀವಿ, ಮೈಕ್ರೋವೇವ್, ಪ್ರಿಂಟರಿನ ಖಾಲಿ ಡಬ್ಬಗಳನ್ನು ವಾಪಸ್ ಕೊಡಬೇಕಾದೀತು, ಮನೆ ಬದಲಾಯಿಸುವಾಗ ಬೇಕಾದೀತು ಎಂದು ಇಟ್ಟಿರುತ್ತೇವೆ. ಒಳಗಿದ್ದ ಯಂತ್ರವೇ ಕೆಟ್ಟು ಹೋಗಿದ್ದರೂ ಡಬ್ಬ ಇರುತ್ತದೆ. ಅವೆಲ್ಲ ಚಪ್ಪಟೆಯಾಗಿ ರೀಸೈಕಲ್ ತೊಟ್ಟಿಗೆ ಹೋದವು. ಜಿರಲೆ, ಬೆಳ್ಳಿಮೀನು ಹುಳಗಳಿಗೆ ರಟ್ಟು ಮತ್ತು ಅದರ ಅಂಟು ಎಂದರೆ ಬಲು ಇಷ್ಟ. ಹಾಗಾಗಿ ಉಳಿದ ಸಾಮಾನಿಗೂ ರಟ್ಟಿನ ಬದಲು ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ತಂದೆವು.

ಕಷ್ಟವಾದದ್ದು ‘ಊರಿಗೆ ವಾಪಸ್ ಹೋಗುವಾಗ ಬೇಕು’ ಎಂದು ಇಟ್ಟ ಸಾಮಾನು. ಇಲ್ಲಿನ ಕರೆಂಟು 110-120 ವೋಲ್ಟು, ನಮ್ಮೂರಿನದು 230. ಹೊಸದಾಗಿ ಬಂದಾಗ ತಂದಿದ್ದ ಮಿಕ್ಸಿ, ಅದನ್ನು ಇಲ್ಲಿ ಓಡಿಸಲು ಕೊಂಡ ಭಾರದ ಟ್ರಾನ್ಸ್‌ಫಾರ್ಮರು, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಮೂಲೆ ಸೇರಿದ್ದವು. ಜೊತೆಗೆ ಸೂಟ್‌ಕೇಸುಗಳ ಸಾಲು. ಈ ಮೂಲೆಯ ಮುಂದೆ ನಾನೂ ನಮ್ಮನೆಯವರೂ ಬಹಳ ಹೊತ್ತು ಕೂತು ಮಾತಾಡಿದೆವು. ಮಾತು ಮಿಕ್ಸಿಯದಾಗಿರಲಿಲ್ಲ. ಹೋಗುತ್ತೇವಾ, ಯಾವಾಗ, ಮಕ್ಕಳು ಕಾಲೇಜು ಸೇರಿದ ಮೇಲಾ, ಅಪ್ಪ ಅಮ್ಮನಿಗೆ ಕೈಲಾಗದೇ ಹೋದರೆ ಏನು ಮಾಡೋದು, ಇವೆಲ್ಲ ಅಲ್ಲಿ ಬಂದವು. ಉತ್ತರ ಆ ದಿನ ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಹೋಗುವ ದಿನ ಬಂದರೆ ಮಿಕ್ಸಿಯನ್ನು ಬೆಂಗಳೂರಿನಲ್ಲೇ ಕೊಳ್ಳಬಹುದು ಎಂಬಷ್ಟಕ್ಕೆ ಇಬ್ಬರೂ ಒಪ್ಪಿದೆವು. ಗರಾಜು ತುಂಬಿಸಿಕೊಂಡಿರುವ ನಮ್ಮವರಿಗೆ ನಾನು ಹೇಳುವುದೂ ಇದನ್ನೇ: ಆ ದೊಡ್ಡ ಪ್ರಶ್ನೆ ಬಗೆಹರಿಯಲಿ ಎಂದು ಕಾಯಬೇಡಿ, ಸಾಮಾನಿನ ಪ್ರಶ್ನೆಯನ್ನು ಅದರಿಂದ ಬಿಡಿಸಿ. 110 ವೋಲ್ಟಿನ ಇನ್ನೊಂದು ಗ್ರೈಂಡರು ಹೆಚ್ಚಿಗೆ ಇತ್ತು. ಆಗಷ್ಟೇ ಭಾರತದಿಂದ ಬಂದಿದ್ದ ದಂಪತಿ ಸಂತೋಷದಿಂದ ತೆಗೆದುಕೊಂಡು ಹೋದರು.

ಅತ್ತೆಯ ಸಾಮಾನಿನ ಮಾತೇ ಬೇರೆ. ಅವರು ಇಲ್ಲಿಗೆ ಬಂದರೆ ಆರು ತಿಂಗಳು ಇರುತ್ತಾರೆ. ಹೋಗುವಾಗ ದಪ್ಪ ಸ್ವೆಟರು, ವಾಕಿಂಗ್ ಶೂ, ಊರುಗೋಲು, ಕುಕ್ಕರಿನಲ್ಲಿಡುವ ತಮ್ಮ ಪುಟ್ಟ ಪಾತ್ರೆ ಬಿಟ್ಟು ಹೋಗುತ್ತಾರೆ. ಫೋನಿನಲ್ಲಿ ಕೇಳಿದ್ದಕ್ಕೆ, ‘ನಂದೇನೂ ಇಟ್ಕೋಬೇಡ ಕಣಮ್ಮ, ಕೊಟ್ಬಿಡು’ ಅಂದರು. ಕೊಡಲಿಲ್ಲ. ಅವರ ಹೆಸರು ಬರೆದ ಒಂದು ಪೆಟ್ಟಿಗೆ ಕೈಗೆಟುಕುವ ಎತ್ತರದಲ್ಲಿದೆ. ದಸರೆಯ ಬೊಂಬೆಗಳನ್ನೂ ಬಿಡಲಿಲ್ಲ, ಆದರೆ ಗರಾಜಿನಿಂದ ತೆಗೆದೆ. ಬೇಸಿಗೆಯಲ್ಲಿ ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಊರಿದು. ಗರಾಜಿಗೆ ಏಸಿ ಇಲ್ಲ. ಮಣ್ಣಿನ ಬೊಂಬೆಯ ಬಣ್ಣ, ಫೋಟೋ ಆಲ್ಬಮ್, ಔಷಧಿ, ಕುಕ್ಕರಿನ ಗ್ಯಾಸ್ಕೆಟ್ಟು ಇವಕ್ಕೆ ಆ ಸೆಕೆ ಆಗಿಬರುವುದಿಲ್ಲ. ಬೊಂಬೆಗಳು ಹಳೇ ಹತ್ತಿ ಸೀರೆ ಸುತ್ತಿಕೊಂಡು ಮನೆಯೊಳಗಿನ ಕ್ಲಾಸೆಟ್ಟಿಗೆ ಹೋದವು. ಬೊಂಬೆ ಕೂರಿಸುವ ಸ್ಟೀಲ್ ಮೆಟ್ಟಿಲು ಸೆಕೆಗೆ ಜಗ್ಗುವುದಿಲ್ಲ, ಅದು ಗರಾಜಿನಲ್ಲೇ ಉಳಿಯಿತು.

ಕೊಡಲೂ ಆಗದ, ಇಡಲೂ ಆಗದ ಕೆಲವು ವಸ್ತುಗಳಿರುತ್ತವೆ. ಮಕ್ಕಳ ಕಾರ್ ಸೀಟಿಗೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಮುಗಿದದ್ದನ್ನು ಇನ್ನೊಬ್ಬರ ಮಗುವಿಗೆ ಕೊಡಬಾರದು. ನೀರಿನಲ್ಲಿ ಕಲಸುವ ಗೋಡೆ ಬಣ್ಣ ಉಳಿದಿದ್ದರೆ ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಮರಳು (ಕ್ಯಾಟ್ ಲಿಟರ್) ಬೆರೆಸಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಬಹುದು. ಎಣ್ಣೆ ಬಣ್ಣ, ಕೀಟನಾಶಕ, ಹಳೇ ಬ್ಯಾಟರಿಗಳನ್ನು ಅಪಾಯದ ಕಸ ತೆಗೆದುಕೊಳ್ಳುವ ಕೇಂದ್ರಕ್ಕೇ ಒಯ್ಯಬೇಕು.

ಶೆಲ್ಫನ್ನು ಬರೀ ಡ್ರೈವಾಲಿಗೆ, ಅಂದರೆ ಗೋಡೆಯ ಮೇಲಿನ ಜಿಪ್ಸಂ ಹಲಗೆಗೆ, ಬಿಗಿದರೆ ಭಾರಕ್ಕೆ ಕಿತ್ತು ಬರುತ್ತದೆ. ಗೋಡೆಯೊಳಗಿನ ಮರದ ಕಂಬಗಳು (ಸ್ಟಡ್ಡುಗಳು) ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಇರುತ್ತವೆ. ಸ್ಟಡ್ ಫೈಂಡರಿನಿಂದ ಹುಡುಕಿ ಸ್ಕ್ರೂವನ್ನು ಅವಕ್ಕೇ ಹಾಕಿ. ಸೂಟ್‌ಕೇಸುಗಳನ್ನು ಒಂದರೊಳಗೊಂದು ಸೇರಿಸಿ ಸೀಲಿಂಗಿನ ರ‍್ಯಾಕಿಗೆ ಏರಿಸಿದೆವು. ಅದು ಹಗುರ ಸಾಮಾನಿಗೆ ಮಾತ್ರ. ಗರಾಜ್ ಬಾಗಿಲಿನ ಸ್ಪ್ರಿಂಗಿಗೆ ಯಾರೂ ಕೈ ಹಾಕಬೇಡಿ. ಅದು ಬಿಗಿದು ಹಿಡಿದಿರುವ ಬಲಕ್ಕೆ ಜೀವಕ್ಕೇ ಅಪಾಯವಾದೀತು. ಬಾಗಿಲು ಅರ್ಧ ಇಳಿದು ಮತ್ತೆ ಮೇಲೇರುತ್ತಿದ್ದರೆ ನೆಲದ ಹತ್ತಿರ ಎರಡೂ ಬದಿಯಲ್ಲಿರುವ ಸೆನ್ಸರುಗಳನ್ನು ನೋಡಿ, ಯಾವುದೋ ಡಬ್ಬ ಅಡ್ಡ ಬಂದಿರುತ್ತದೆ.

ಒಗ್ಗರಣೆ ವಾಸನೆ ಮನೆಯೊಳಗೆ ಬೇಡವೆಂದು ಗರಾಜಿನಲ್ಲಿ ಗ್ಯಾಸ್ ಒಲೆ ಇಟ್ಟು ಕರಿಯುವ ಪದ್ಧತಿ ನಮ್ಮವರಲ್ಲಿ ಹಲವರಿಗಿದೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಕಾರಿನ ಪೆಟ್ರೋಲು ಒಂದು ಕಡೆ, ಬೆಂಕಿ ಇನ್ನೊಂದು ಕಡೆ, ಕಾರ್ಬನ್ ಮಾನಾಕ್ಸೈಡ್ ಬೇರೆ. ನಮ್ಮ ಒಲೆಯೂ ಪ್ರೊಪೇನ್ ಸಿಲಿಂಡರೂ ಹಿತ್ತಲಿಗೆ ಹೋದವು.

ಕರಿಬೇವಿನ ಗಿಡಕ್ಕೆ ಮಾತ್ರ ಗರಾಜು ಬೇಕೇ ಬೇಕು. 2021ರ ಫೆಬ್ರವರಿಯಲ್ಲಿ ಡಲ್ಲಾಸಿನ ಉಷ್ಣತೆ ಸೊನ್ನೆಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 19. ಹೊರಗೆ ಉಳಿದ ಕರಿಬೇವು ಅದಕ್ಕೆ ತಡೆಯುವುದಿಲ್ಲ. ಕುಂಡಕ್ಕೆ ಚಕ್ರದ ಹಲಗೆ ಹಾಕಿಸಿದ್ದೇವೆ. ಸಣ್ಣ ಕಾರಿನ ಮುಂದೆ ಶೆಲ್ಫಿಲ್ಲದ ಒಂದು ಮೂಲೆಯನ್ನು ಅದಕ್ಕೆಂದೇ ಬಿಟ್ಟಿದ್ದೇವೆ.

ಈಗ ಎರಡೂ ಗಾಡಿ ಒಳಗಿವೆ. ಸಿಯೆನ್ನಾದ ಹಿಂಬಾಗಿಲುಗಳು ಜಾರುವ ಬಾಗಿಲುಗಳಾದ್ದರಿಂದ ಅದನ್ನು ಗೋಡೆಯ ಕಡೆ ನಿಲ್ಲಿಸಿದರೂ ಮಕ್ಕಳು ಇಳಿಯಬಹುದು. ಎಷ್ಟು ಮುಂದೆ ಬರಬೇಕೆಂದು ತಿಳಿಯಲು ಸೀಲಿಂಗಿನಿಂದ ದಾರದಲ್ಲಿ ಟೆನಿಸ್ ಚೆಂಡು ಇಳಿಬಿಟ್ಟಿದ್ದೇವೆ, ಗಾಜಿಗೆ ಅದು ತಾಗಿದರೆ ಬ್ರೇಕು. ಬಗೆಹರಿಯದೆ ಉಳಿದದ್ದು ಎರಡನೇ ಫ್ರಿಜ್ಜು. ಹಬ್ಬದಲ್ಲಿ ಅದು ಬೇಕೆನ್ನಿಸುತ್ತದೆ, ಉಳಿದ ದಿನ ಬಾಗಿಲು ತೆರೆಯಲು ಅಡ್ಡ. ಈ ದಸರೆ ಕಳೆದ ಮೇಲೆ ಅದನ್ನು ಕೊಡುವುದೆಂದು ಮಾತಾಗಿದೆ.