ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಅರ್ಧ ಓದಿದ ಕಾದಂಬರಿಗೆ ಮರಳುವುದು ಹೇಗೆ

ಶಿರಸಿ ಕಡೆಯ ತೋಟದ ಮನೆಯಲ್ಲಿ ದಪ್ಪ ಕಾದಂಬರಿ ಒಂದೇ ಓಟಕ್ಕೆ ಮುಗಿಯುವುದಿಲ್ಲ. ಕೊನೆಕೊಯ್ಲು ಶುರುವಾದರೆ ಅಡಿಕೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಪುಸ್ತಕ ಕಪಾಟು ಸೇರುತ್ತದೆ. ಮತ್ತೆ ತೆಗೆದಾಗ ‘ಈ ಸುಬ್ರಾಯ ಯಾರು ಮಾರಾಯ್ರೇ?’ ಯಕ್ಷಗಾನದಲ್ಲಾದರೆ ನಡುವೆ ತೂಕಡಿಸಿದರೂ ನಡೆಯುತ್ತದೆ, ಪ್ರಸಂಗ ಗೊತ್ತಿರುತ್ತದಲ್ವಾ.

ಹಾಗಂತ ಮೊದಲಿನಿಂದ ಓದಬೇಡಿ. ಓದಿದ ವಾಕ್ಯ ಬೇಗ ಮರೆತರೂ ಸಂಗತಿ ಉಳಿದಿರುತ್ತದೆ. ಈಗಿನ ಪುಟದಲ್ಲಿ ಅದಕ್ಕೆ ಸಂಬಂಧಪಟ್ಟದ್ದು ಬಂದರೆ ತಾನಾಗಿ ಎದ್ದು ಬರುತ್ತದೆ. ಮನಶ್ಶಾಸ್ತ್ರಜ್ಞರಾದ ಆಲ್ಬ್ರೆಕ್ಟ್ ಮತ್ತು ಓಬ್ರಯನ್ 1993ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆಯಲ್ಲಿ ಮೇರಿ ಎಂಬವಳು ಸಸ್ಯಾಹಾರಿ. ನಡುವೆ ಬೇರೆ ಮಾತು ಬರುತ್ತದೆ. ಆಮೇಲೆ ಅವಳು ಹೋಟೆಲಿನಲ್ಲಿ ಮಾಂಸದ ಚೀಸ್‌ಬರ್ಗರ್ ಕೇಳುತ್ತಾಳೆ. ಆ ಸಾಲು ಅದರಷ್ಟಕ್ಕೆ ಸರಿಯೇ ಇದೆ. ಆದರೂ ಅಲ್ಲಿ ಓದುಗರ ವೇಗ ಇಳಿಯಿತು.

ನೀವೂ ಎಲ್ಲಾದರೂ ಹಾಗೆ ತಡವರಿಸಿದರೆ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗೀಟು ಎಳೆಯಿರಿ. ಹಿಂದಿನ ಯಾವುದೋ ಮಾತಿಗೆ ಅದು ತಾಗಿದೆ ಎಂದರ್ಥ. ಗ್ರಂಥಾಲಯದ ಪುಸ್ತಕವಾದರೆ ಚೀಟಿ ಇಡಿ, ದಯವಿಟ್ಟು.

ಪುಸ್ತಕ ಮುಚ್ಚುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಿಡಿ. ಅಣ್ಣ, ಅತ್ತೆ, ಮಾವ ಅಂತ ಸಂಬಂಧದ ಪಟ್ಟಿ ಮಾಡುವವರಿದ್ದಾರೆ. ನನಗಂತೂ ಅದರಿಂದ ಉಪಯೋಗ ಕಂಡಿಲ್ಲ. ಯಾರ ಕೈಯಲ್ಲಿ ಏನಿದೆ, ಯಾರಿಗೆ ಏನು ಬೇಕಾಗಿದೆ, ಅದನ್ನು ಬರೆಯಿರಿ. ‘ಕಪಾಟಿನ ಬೀಗದ ಕೈ ಸೊಸೆಯ ಸೊಂಟದಲ್ಲಿ. ಮಾವನಿಗೆ ಗೊತ್ತಿಲ್ಲ.’ ಇಷ್ಟೇ. ನಮ್ಮ ಆಯಿ ಹೆಸರೆಲ್ಲ ಮರೆಯುತ್ತಾಳೆ. ‘ಕೊಡೆ ಬಿಟ್ಟು ಹೋದವ’ ಅಂದರೆ ಸಾಕು, ಇಡೀ ಕಥೆ ಬಿಚ್ಚುತ್ತಾಳೆ. ಯಾರ ಕೈಯಲ್ಲಿ ಏನಿದೆ ಎಂಬುದು ಮುಖ್ಯ ಅನ್ನುವುದಕ್ಕೆ ಪ್ರಯೋಗದ ಆಧಾರವೂ ಇದೆ. 1987ರಲ್ಲಿ ಗ್ಲೆನ್‌ಬರ್ಗ್ ಮತ್ತು ಜೊತೆಗಾರರು ನೋಡಿದಂತೆ, ಪಾತ್ರ ಮೈಮೇಲೆ ಹಾಕಿಕೊಂಡು ಹೋದ ಅಂಗಿ ಓದುಗರ ಮನಸ್ಸಿನಲ್ಲಿ ಹತ್ತಿರವೇ ಇರುತ್ತದೆ. ಕಳಚಿಟ್ಟು ಹೋದದ್ದು ಹಿಂದೆ ಸರಿಯುತ್ತದೆ.

ಮರಳಿ ಹಿಡಿದಾಗ ಚೀಟಿ ಓದಿ, ನಿಲ್ಲಿಸಿದಲ್ಲಿಂದ ಎರಡು ಮೂರು ಪುಟ ಹಿಂದೆ ಹೋಗಿ, ಅಲ್ಲಿಂದ ಶುರು ಮಾಡಿ. ಯಾರೋ ಗುರುತು ಸಿಗಲಿಲ್ಲವೇ? ಸುಮ್ನೆ ಮುಂದೆ ಹೋಗಿ. ಅಧ್ಯಾಯ ಮುಗಿದರೂ ಹತ್ತದಿದ್ದರೆ ಮಾತ್ರ ಗೀಟು ಹಾಕಿದ ಜಾಗಗಳನ್ನು ನೋಡಿ.

ಮೊಬೈಲಿನಲ್ಲಿ ಓದುವವರು ಹೆಸರು ಹಾಕಿ ಹುಡುಕಬಹುದು. ಆದರೆ ಮುಂದಿನ ಪುಟದ ಸಾಲುಗಳೂ ಪಟ್ಟಿಯಲ್ಲಿ ಬರುತ್ತವೆ. ಮೊದಲ ಒಂದೆರಡನ್ನು ನೋಡಿ ಮುಚ್ಚಿಬಿಡಿ, ಇಲ್ಲದಿದ್ದರೆ ಸುಬ್ರಾಯ ಸತ್ತ ಸುದ್ದಿ ಅಲ್ಲೇ ಸಿಗುತ್ತದೆ.